ಬಾಲ್ಯದ ಪುಸ್ತಕ ತೆರೆಗೆ ಬಂದಾಗ: ಯಾವ ರೂಪವನ್ನು ನೋಡಬೇಕು, ಯಾವುದನ್ನು ಬಿಡಬಹುದು

ಹತ್ತು ಹನ್ನೊಂದನೆಯ ವಯಸ್ಸಿನಲ್ಲಿ ಓದಿ, ಹೊಲಿಗೆ ಬಿಟ್ಟು ಹಾಳೆಗಳು ಉದುರುವವರೆಗೂ ಮತ್ತೆ ಮತ್ತೆ ಕೈಗೆತ್ತಿಕೊಂಡ ಪುಸ್ತಕವೊಂದು ಚಲನಚಿತ್ರವಾಗುತ್ತಿದೆ ಎಂಬ ಸುದ್ದಿ ಬಂದಾಗ ಆಗುವ ಸಂತೋಷದಲ್ಲಿ ಒಂದಿಷ್ಟು ಅಳುಕೂ ಬೆರೆತಿರುತ್ತದೆ. ಆ ಅಳುಕು ಸುಳ್ಳಾಗುವುದು ಅಪರೂಪ. ಚಿತ್ರ ಮುಗಿದು ದೀಪ ಹೊತ್ತಿಕೊಂಡಾಗ ‘ಪುಸ್ತಕದಷ್ಟು ಚೆನ್ನಾಗಿಲ್ಲ’ ಎಂಬ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಮಾತು ನಿಜವೇ ಆದರೂ ಅದರಿಂದ ಮುಂದಿನ ಸಲಕ್ಕೆ ದಾರಿ ಕಾಣುವುದಿಲ್ಲ. ಇಂದು ಒಂದೇ ಪುಸ್ತಕಕ್ಕೆ ಹಳೆಯ ಚಿತ್ರ, ಹೊಸ ಚಿತ್ರ, ಕಂತುಗಳ ಸರಣಿ, ಅನಿಮೇಷನ್ ಎಂದು ಮೂರು ನಾಲ್ಕು ರೂಪಗಳು ಸಿಗುತ್ತವೆ. ಅವುಗಳಲ್ಲಿ ಯಾವುದನ್ನು ನೋಡಬೇಕು, ಯಾವುದನ್ನು ಮಕ್ಕಳಿಗೆ ತೋರಿಸಬೇಕು, ಯಾವ ಪುಸ್ತಕವನ್ನು ಪುಸ್ತಕವಾಗಿಯೇ ಉಳಿಸಿಕೊಳ್ಳುವುದು ಲೇಸು ಎಂಬುದನ್ನು ತೂಗಿ ನೋಡಲು ನೆರವಾಗಲಿ ಎಂದು ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಬಹಳ ಕಾಲ ನನ್ನ ದೂರು ಎಲ್ಲರ ದೂರಿನಂತೆಯೇ ಇತ್ತು: ಆ ಪ್ರಸಂಗವನ್ನು ಕೈಬಿಟ್ಟರು, ಈ ಪಾತ್ರ ಬಂದೇ ಇಲ್ಲ, ನಾಯಕಿಯ ಕೂದಲು ಹಾಗಿರಲಿಲ್ಲ. ಮುಂದೆ ದೊಡ್ಡ ವಯಸ್ಸಿನಲ್ಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು, ಚಿತ್ರವನ್ನು ಅಲ್ಲಲ್ಲಿ ನಿಲ್ಲಿಸಿ ನೋಡತೊಡಗಿದಾಗ ಬೇರೆಯೇ ಒಂದು ಸಂಗತಿ ಗಮನಕ್ಕೆ ಬಂತು. ಕಡಿತಗೊಂಡ ಪ್ರಸಂಗಗಳನ್ನು ಮನಸ್ಸು ಒಂದೆರಡು ದಿನಗಳಲ್ಲಿ ಮರೆತುಬಿಡುತ್ತದೆ. ಮರೆಯದೆ ಉಳಿಯುವುದು, ಪುಸ್ತಕವು ಮಗುವನ್ನು ನಂಬಿ ಹೇಳಿದ್ದ ಕಠಿಣವಾದ ಮಾತೊಂದನ್ನು ಚಿತ್ರವು ಹೇಳಲು ಹಿಂಜರಿದದ್ದು. ಸಾಯಬೇಕಾದವರು ಬದುಕಿಕೊಳ್ಳುತ್ತಾರೆ, ಹನ್ನೆರಡು ವರ್ಷದ ನಾಯಕ ಮೀಸೆ ಮೂಡುವ ವಯಸ್ಸಿನವನಾಗುತ್ತಾನೆ, ಉತ್ತರವಿಲ್ಲದೆ ಬಿಟ್ಟಿದ್ದ ಪ್ರಶ್ನೆಗೆ ಉತ್ತರವನ್ನು ಹುಡುಕಿ ಅಂಟಿಸಲಾಗುತ್ತದೆ. ಹೀಗಾಗಿ ರೂಪಾಂತರಗಳ ನಡುವೆ ಆರಿಸಿಕೊಳ್ಳುವಾಗ ‘ಎಷ್ಟು ಬಿಟ್ಟಿದ್ದಾರೆ’ ಎಂದು ಲೆಕ್ಕ ಹಾಕುವುದಕ್ಕಿಂತ ‘ಯಾವುದಕ್ಕೆ ಹೆದರಿದ್ದಾರೆ’ ಎಂದು ಕೇಳುವುದು ಹೆಚ್ಚು ಉಪಯುಕ್ತ ಎಂದು ನನಗೆ ಅನ್ನಿಸಿದೆ.

ನಿಮಗೆ ಪ್ರಿಯವಾದದ್ದು ಪುಸ್ತಕದ ಯಾವ ಭಾಗ

ಆಯ್ಕೆ ಆರಂಭವಾಗಬೇಕಾದದ್ದು ಚಿತ್ರದಿಂದ ಅಲ್ಲ, ನಿಮ್ಮ ನೆನಪಿನಿಂದ. ಕೆಲವು ಪುಸ್ತಕಗಳಲ್ಲಿ ನಮ್ಮನ್ನು ಹಿಡಿದಿಡುವುದು ಘಟನೆಗಳ ಸರಪಳಿ. ಕೆಲವುಗಳಲ್ಲಿ ಒಂದು ಲೋಕ, ಅದರ ನಕ್ಷೆ, ಅದರ ಪ್ರಾಣಿಗಳು. ಇನ್ನು ಕೆಲವುಗಳಲ್ಲಿ ಕಥೆ ಹೇಳುವ ಧ್ವನಿಯೊಂದೇ. ಘಟನೆಗಳನ್ನು ತೆರೆ ಸುಲಭವಾಗಿ ಒಯ್ಯುತ್ತದೆ, ಲೋಕವನ್ನು ಹಣ ಮತ್ತು ಪರಿಶ್ರಮವಿದ್ದರೆ ಒಯ್ಯುತ್ತದೆ. ಧ್ವನಿಯನ್ನು ಒಯ್ಯಬೇಕಾದರೆ ನಿರ್ದೇಶಕನಿಗೆ ಬೇರೆಯೇ ಒಂದು ಉಪಾಯ ಹೊಳೆಯಬೇಕು.

ಜರ್ಮನ್ ಲೇಖಕ ಮಿಖಾಯೆಲ್ ಎಂಡೆ 1979ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ದಿ ನೆವರ್‌ಎಂಡಿಂಗ್ ಸ್ಟೋರಿ’ ಎಂದು ಪ್ರಸಿದ್ಧವಾದ ಪುಸ್ತಕವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಸ್ಟಿಯನ್ ಎಂಬ ಹುಡುಗ ಶಾಲೆಯ ಅಟ್ಟದಲ್ಲಿ ಅಡಗಿ ಕುಳಿತು ಕದ್ದು ತಂದ ಪುಸ್ತಕವೊಂದನ್ನು ಓದುತ್ತಾನೆ. ಅವನ ಲೋಕದ ಕಥೆ ಒಂದು ಬಣ್ಣದ ಶಾಯಿಯಲ್ಲಿ, ಅವನು ಓದುತ್ತಿರುವ ಲೋಕದ ಕಥೆ ಇನ್ನೊಂದು ಬಣ್ಣದ ಶಾಯಿಯಲ್ಲಿ ಅಚ್ಚಾಗಿದೆ. ಇಪ್ಪತ್ತಾರು ಅಧ್ಯಾಯಗಳು ವರ್ಣಮಾಲೆಯ ಒಂದೊಂದು ಅಕ್ಷರದಿಂದ ಕ್ರಮವಾಗಿ ಆರಂಭವಾಗುತ್ತವೆ. ನಡುಭಾಗದಲ್ಲಿ ಆ ಲೋಕದ ಬಾಲ ಸಾಮ್ರಾಜ್ಞಿ, ನಡೆಯುವುದನ್ನೆಲ್ಲ ನಡೆದ ಹಾಗೆಯೇ ಬರೆಯುತ್ತ ಕುಳಿತ ಮುದುಕನೊಬ್ಬನ ಬಳಿಗೆ ಹೋಗಿ, ಕಥೆಯನ್ನು ಮೊದಲಿನಿಂದ ಹೇಳು ಎನ್ನುತ್ತಾಳೆ. ಮುದುಕ ಹೇಳತೊಡಗುವುದು ನಾವು ಕೈಯಲ್ಲಿ ಹಿಡಿದಿರುವ ಪುಸ್ತಕದ ಮೊದಲ ಪುಟವನ್ನೇ. ಕಥೆ ತನ್ನನ್ನೇ ನುಂಗಿಕೊಳ್ಳುತ್ತ ಸುತ್ತುತ್ತದೆ. ಬ್ಯಾಸ್ಟಿಯನ್ ಬಾಯಿಬಿಟ್ಟು ಆಕೆಗೆ ಹೊಸ ಹೆಸರಿಡದೆ ಆ ಸುತ್ತು ನಿಲ್ಲುವಂತಿಲ್ಲ. ಅದನ್ನು ಓದುವ ಮಗುವಿಗೆ, ತನ್ನ ಬೆನ್ನ ಹಿಂದೆಯೂ ಯಾರೋ ನಿಂತು ಓದುತ್ತಿದ್ದಾರೆಯೇ ಎಂಬ ರೋಮಾಂಚನವಾಗುತ್ತದೆ.

1984ರಲ್ಲಿ ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ ಚಿತ್ರದಲ್ಲಿ ಆ ಮುದುಕನಿಲ್ಲ. ಸಾಮ್ರಾಜ್ಞಿ ಕಣ್ಣೀರಿಡುತ್ತ ಬೇಡಿಕೊಳ್ಳುತ್ತಾಳೆ, ಹುಡುಗ ಕಿಟಕಿಯ ಬಳಿ ನಿಂತು ಹೆಸರನ್ನು ಕೂಗುತ್ತಾನೆ. ಇಷ್ಟನ್ನು ಒಪ್ಪಿಕೊಳ್ಳಬಹುದು, ಬಿಳಿಯ ಅದೃಷ್ಟ ಡ್ರ್ಯಾಗನ್ನಿನ ಬೆನ್ನೇರಿ ಮೋಡಗಳ ಮೇಲೆ ಹಾರುವ ದೃಶ್ಯಗಳಿಗಾಗಿ ಆ ಚಿತ್ರವನ್ನು ಪ್ರೀತಿಸುವವರು ಬಹಳಷ್ಟು ಜನರಿದ್ದಾರೆ, ಅವರ ಪ್ರೀತಿ ತಪ್ಪಲ್ಲ. ಒಪ್ಪಿಕೊಳ್ಳಲಾಗದ್ದು ಆಮೇಲಿನದು. ಪುಸ್ತಕದ ಉತ್ತರಾರ್ಧದಲ್ಲಿ ಬ್ಯಾಸ್ಟಿಯನ್‌ಗೆ ಬಯಸಿದ್ದೆಲ್ಲ ಸಿಗುತ್ತದೆ, ಆದರೆ ಒಂದೊಂದು ಬಯಕೆ ಈಡೇರಿದಾಗಲೂ ಅವನ ಹಳೆಯ ಬದುಕಿನ ನೆನಪೊಂದು ಅಳಿದುಹೋಗುತ್ತದೆ. ಕೊನೆಗೆ ಅವನಿಗೆ ತನ್ನ ಹೆಸರೂ ನೆನಪಿರುವುದಿಲ್ಲ. ಚಿತ್ರವು ಈ ಅರ್ಧವನ್ನು ಮುಟ್ಟದೆ, ಹುಡುಗನು ಡ್ರ್ಯಾಗನ್ನಿನ ಮೇಲೆ ಕುಳಿತು ತನ್ನನ್ನು ಪೀಡಿಸಿದ ಹುಡುಗರನ್ನು ಬೀದಿಯಲ್ಲಿ ಓಡಿಸುವುದರೊಂದಿಗೆ ಮುಗಿಯುತ್ತದೆ. ಬಯಕೆಗೆ ತೆರಬೇಕಾದ ಬೆಲೆಯ ಬಗ್ಗೆ ಬರೆದ ಪುಸ್ತಕವು ಬಯಕೆ ಈಡೇರಿದ ಸಂಭ್ರಮದ ಚಿತ್ರವಾಯಿತು. ಎಂಡೆ ಚಿತ್ರದ ವಿರುದ್ಧ ಹೋರಾಡಿ, ನ್ಯಾಯಾಲಯದಲ್ಲಿ ಸೋತರು. ಈ ಪುಸ್ತಕ ನಿಮಗೆ ಪ್ರಿಯವಾದದ್ದು ಅದರ ಲೋಕಕ್ಕಾಗಿ ಎಂದಾದರೆ ಚಿತ್ರವನ್ನು ನೋಡಿ. ಪ್ರಿಯವಾದದ್ದು ಉತ್ತರಾರ್ಧಕ್ಕಾಗಿ ಎಂದಾದರೆ ಪುಸ್ತಕವನ್ನೇ ಮತ್ತೆ ತೆರೆಯಿರಿ.

ಎರಡು ಗಂಟೆಯ ಚಿತ್ರವೋ, ಕಂತುಗಳ ಸರಣಿಯೋ

ದೊಡ್ಡ ಕಾದಂಬರಿಯನ್ನು ಎರಡು ಗಂಟೆಗೆ ಇಳಿಸುವಾಗ ಮೊದಲು ಹೋಗುವುದು ಅವಸರವಿಲ್ಲದ ಪುಟಗಳು: ಗೆಳೆಯರು ಸುಮ್ಮನೆ ಕುಳಿತು ಮಾತಾಡುವ ಸಂಜೆ, ಪರೀಕ್ಷೆಯ ಹಿಂದಿನ ದಿನದ ಜಗಳ, ಕಥೆಗೆ ಸಂಬಂಧವೇ ಇಲ್ಲವೆನ್ನಿಸುವ ಒಬ್ಬ ಅಡುಗೆಯವಳ ಪ್ರಸಂಗ. ಹ್ಯಾರಿ ಪಾಟರ್ ಮಾಲೆಯ ಏಳು ಪುಸ್ತಕಗಳಲ್ಲಿ ಐದನೆಯದು ಎಲ್ಲಕ್ಕಿಂತ ದಪ್ಪ. 2007ರಲ್ಲಿ ಬಂದ ಅದರ ಚಿತ್ರವಾದರೋ ಎಂಟು ಚಿತ್ರಗಳಲ್ಲಿ ಅತಿ ಚಿಕ್ಕವುಗಳ ಪೈಕಿ ಒಂದು, 138 ನಿಮಿಷ. ಪುಸ್ತಕದಲ್ಲಿ ಹುಡುಗನ ಸಿಟ್ಟು ತಿಂಗಳುಗಟ್ಟಲೆ ಹೊಗೆಯಾಡುತ್ತದೆ, ಚಿತ್ರದಲ್ಲಿ ಅದಕ್ಕೆ ಹೊಗೆಯಾಡಲು ಸಮಯವೇ ಇಲ್ಲ. ಇಂಥ ಪುಸ್ತಕಗಳಿಗೆ ಸರಣಿಯೇ ಸರಿಯಾದ ಪಾತ್ರೆ.

ಫಿಲಿಪ್ ಪುಲ್ಮನ್ ಅವರ 1995ರ ‘ನಾರ್ದರ್ನ್ ಲೈಟ್ಸ್’ ಇದಕ್ಕೆ ಬಹಳ ಒಳ್ಳೆಯ ಉದಾಹರಣೆ, ಏಕೆಂದರೆ ಎರಡೂ ರೂಪಗಳು ಪಕ್ಕಪಕ್ಕದಲ್ಲಿ ಸಿಗುತ್ತವೆ. ಲೈರಾ ಎಂಬ ಹುಡುಗಿ ತನ್ನ ಗೆಳೆಯ ರೋಜರ್‌ನನ್ನು ಅಪಹರಣಕಾರರಿಂದ ಬಿಡಿಸಲು ಉತ್ತರ ಧ್ರುವದತ್ತ ಹೊರಡುತ್ತಾಳೆ, ಬಿಡಿಸುತ್ತಾಳೆ. ಆದರೆ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಅವಳು ಅವನನ್ನು ಕರೆದುಕೊಂಡು ಹೋಗಿ ನಿಲ್ಲಿಸುವುದು ಅವನ ಸಾವಿನ ಎದುರಿಗೇ. ತನ್ನ ಕೈಯಾರೆ ನಡೆದ ಈ ಅನ್ಯಾಯವೇ ಮುಂದಿನ ಎರಡು ಪುಸ್ತಕಗಳ ಬೇರು. 2007ರ ‘ದಿ ಗೋಲ್ಡನ್ ಕಂಪಾಸ್’ ಚಿತ್ರವು ಆ ಅಧ್ಯಾಯಗಳಿಗೆ ಮುಂಚೆಯೇ, ಗಾಳಿನೌಕೆಯಲ್ಲಿ ಕುಳಿತ ಇಬ್ಬರು ಮಕ್ಕಳ ಭರವಸೆಯ ಮಾತಿನೊಂದಿಗೆ ನಿಂತುಬಿಡುತ್ತದೆ, ಮುಂದಿನ ಭಾಗ ಬರಲೇ ಇಲ್ಲ. 2019ರಿಂದ 2022ರವರೆಗೆ ಮೂರು ಋತುಗಳಲ್ಲಿ ಬಂದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯು ಮೊದಲ ಋತುವನ್ನು ಪುಸ್ತಕ ಮುಗಿಯುವಲ್ಲಿಯೇ ಮುಗಿಸುವ ಎದೆಗಾರಿಕೆ ತೋರಿತು. ಕರಡಿಗಳು, ಹಿಮ, ನಗರದ ವೈಭವ ಇವು ಚಿತ್ರದಲ್ಲಿ ಹೆಚ್ಚು ಮಿನುಗುತ್ತವೆ. ಮನುಷ್ಯರ ಜೊತೆ ಸದಾ ಇರಬೇಕಾದ ಪ್ರಾಣಿರೂಪದ ಆತ್ಮಗಳು ಸರಣಿಯಲ್ಲಿ ಬೇಕಾದಷ್ಟು ಸಲ ಕಾಣಿಸುವುದಿಲ್ಲ. ಆದರೂ ಎರಡರಲ್ಲಿ ಒಂದನ್ನೇ ನೋಡಬೇಕೆಂದರೆ ನಾನು ಹಿಂದುಮುಂದು ನೋಡದೆ ಸರಣಿಯನ್ನೇ ಸೂಚಿಸುತ್ತೇನೆ.

‘ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್’ ವಿಷಯದಲ್ಲಿಯೂ ಇದೇ ಕಥೆ. 2004ರ ಚಿತ್ರವು ಮೊದಲ ಮೂರು ಪುಸ್ತಕಗಳನ್ನು ಒಂದೇ ಮೂಟೆಯಲ್ಲಿ ಕಟ್ಟಿತು. 2017ರಿಂದ 2019ರವರೆಗಿನ ಸರಣಿಯು ಹದಿಮೂರು ಪುಸ್ತಕಗಳಿಗೆ 25 ಕಂತುಗಳನ್ನು ಕೊಟ್ಟಿತು. ಇಲ್ಲಿ ಮುಖ್ಯವಾದದ್ದು ಉದ್ದಕ್ಕಿಂತ ಹೆಚ್ಚಾಗಿ ನಿರೂಪಕ. ‘ಈ ಪುಸ್ತಕವನ್ನು ಕೆಳಗಿಡಿ’ ಎಂದು ಓದುಗರನ್ನು ಬೇಡುವ ಆ ದುಃಖದ ಧ್ವನಿಯನ್ನು ಸರಣಿಯು ಸೂಟು ತೊಟ್ಟ ಮನುಷ್ಯನೊಬ್ಬನಾಗಿ ದೃಶ್ಯದೊಳಕ್ಕೇ ತಂದು ನಿಲ್ಲಿಸಿ, ಪಾತ್ರಗಳು ಓಡಾಡುತ್ತಿರುವಾಗಲೇ ನಮ್ಮ ಕಡೆ ತಿರುಗಿ ಮಾತಾಡಿಸುತ್ತದೆ. ಧ್ವನಿಯನ್ನು ಒಯ್ಯಲು ಬೇರೆ ಉಪಾಯ ಹೊಳೆಯಬೇಕು ಎಂದೆನಲ್ಲ, ಅದು ಇಂಥದ್ದು. ಆರ್. ಕೆ. ನಾರಾಯಣ್ ಅವರ 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ತಂದಾಗ ಸಣ್ಣ ಕಂತುಗಳ ರೂಪವೇ ಆ ಪುಸ್ತಕಕ್ಕೆ ಒದಗಿಬಂದದ್ದನ್ನೂ ನೆನೆಯಬಹುದು: ದೊಡ್ಡ ಘಟನೆಗಳಿಲ್ಲದ, ಹುಡುಗನೊಬ್ಬನ ದಿನಗಳೇ ಕಥೆಯಾದ ಪುಸ್ತಕವನ್ನು ಒಂದೇ ಚಿತ್ರದಲ್ಲಿ ಬಿಗಿಯಲು ಹೊರಟಿದ್ದರೆ ಇಲ್ಲದ ಬಿಕ್ಕಟ್ಟೊಂದನ್ನು ಹುಟ್ಟಿಸಬೇಕಾಗುತ್ತಿತ್ತು.

ಹಾಗೆಂದು ಉದ್ದವೇ ಮದ್ದು ಎಂದುಕೊಳ್ಳಬಾರದು. ಟೋಲ್ಕಿನ್ 1937ರಲ್ಲಿ ಬರೆದ ‘ದಿ ಹಾಬಿಟ್’ ಹತ್ತೊಂಬತ್ತು ಅಧ್ಯಾಯಗಳ, ಮಲಗುವ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳುವಂಥ ಒಂದೇ ಪುಸ್ತಕ. 2012ರಿಂದ 2014ರ ನಡುವೆ ಅದು ಮೂರು ಚಿತ್ರಗಳಾಗಿ, ಹತ್ತಿರ ಹತ್ತಿರ ಎಂಟು ಗಂಟೆ ಬೆಳೆಯಿತು. ಪುಸ್ತಕದ ಹಗುರವಾದ ಹೆಜ್ಜೆ ಆ ಎಂಟು ಗಂಟೆಗಳ ಯುದ್ಧ ಮತ್ತು ಬೆನ್ನಟ್ಟುವಿಕೆಯಲ್ಲಿ ಕಳೆದುಹೋಯಿತೆಂದು ನನ್ನ ಅಭಿಪ್ರಾಯ. ಸರಣಿಗಳಿಗೂ ಕಂತು ತುಂಬಿಸುವ ಚಪಲ ಇರುತ್ತದೆ. ಹಾಗಾಗಿ ಪುಸ್ತಕದ ಗಾತ್ರ ಮತ್ತು ರೂಪಾಂತರದ ಗಾತ್ರ ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿ: ಐನೂರು ಪುಟದ ಕಾದಂಬರಿಗೆ ಎರಡು ಗಂಟೆ ಎಷ್ಟು ಅನುಮಾನಾಸ್ಪದವೋ, ಇನ್ನೂರೈವತ್ತು ಪುಟದ ಪುಸ್ತಕಕ್ಕೆ ಎಂಟು ಗಂಟೆಯೂ ಅಷ್ಟೇ ಅನುಮಾನಾಸ್ಪದ.

ನಟರ ಚಿತ್ರವೋ, ಅನಿಮೇಷನ್ನೋ

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಟರಿರುವ ಚಿತ್ರವು ನಿಮ್ಮ ಕಲ್ಪನೆಯ ಮುಖದ ಮೇಲೆ ನಿಜವಾದ ಮುಖವೊಂದನ್ನು ಹಾಕಿಬಿಡುತ್ತದೆ, ಆಮೇಲೆ ಪುಸ್ತಕ ಓದಿದರೂ ಆ ಮುಖವೇ ಕಾಣುತ್ತದೆ. ಬರೆದ ಚಿತ್ರದಲ್ಲಿ ಆ ಅಪಾಯ ಸ್ವಲ್ಪ ಕಡಿಮೆ, ಏಕೆಂದರೆ ಗೆರೆಯ ಮುಖ ಇನ್ನೂ ಅರ್ಧ ನಮ್ಮದಾಗಿಯೇ ಉಳಿದಿರುತ್ತದೆ. 1908ರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ ಕಾದಂಬರಿಯ ಮೂವತ್ತೆಂಟು ಅಧ್ಯಾಯಗಳಿಗೆ ಇಸಾವೊ ತಕಹಾತ 1979ರಲ್ಲಿ ಐವತ್ತು ಕಂತುಗಳ ಜಪಾನಿ ಅನಿಮೇಷನ್ ಮಾಡಿದರು; ಹುಡುಗಿ ಗಾಡಿಯಲ್ಲಿ ಕುಳಿತು ಹೂಬಿಟ್ಟ ಮರಗಳ ಕೆಳಗೆ ಹಾದುಹೋಗುವುದಕ್ಕೆ ಅದರಲ್ಲಿ ಸಿಕ್ಕಷ್ಟು ಬಿಡುವು ಬೇರೆ ಎಲ್ಲಿಯೂ ಸಿಕ್ಕಿಲ್ಲ. 2017ರ ‘ಆ್ಯನ್ ವಿತ್ ಆ್ಯನ್ ಇ’ ಸರಣಿಯು ಪುಸ್ತಕವು ಸೂಚಿಸಿ ಬಿಟ್ಟಿದ್ದ ಅನಾಥ ಬಾಲ್ಯದ ಹಿಂಸೆಯನ್ನು ತೆರೆದು ತೋರಿಸುತ್ತದೆ. ಪುಸ್ತಕದ ನೆಮ್ಮದಿ ಬೇಕಾದವರು ಮೊದಲನೆಯದನ್ನೂ, ಅದೇ ಹುಡುಗಿಯನ್ನು ಹೊಸ ಕಣ್ಣಿನಿಂದ ನೋಡಬಯಸುವ ದೊಡ್ಡವರು ಎರಡನೆಯದನ್ನೂ ಆರಿಸಿಕೊಳ್ಳಬಹುದು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಅನಿಮೇಷನ್ ಎಂದೊಡನೆ ಅದು ಚಿಕ್ಕ ಮಕ್ಕಳಿಗೆ ಎಂದು ತಿಳಿಯುವುದು ತಪ್ಪು. 1972ರ ‘ವಾಟರ್‌ಶಿಪ್ ಡೌನ್’ ಕಾದಂಬರಿಯಿಂದ 1978ರಲ್ಲಿ ಬಂದ ಮೊಲಗಳ ಚಿತ್ರಕ್ಕೆ ಬ್ರಿಟನ್ನಿನಲ್ಲಿ ಎಲ್ಲ ವಯಸ್ಸಿನವರೂ ನೋಡಬಹುದೆಂಬ ಪ್ರಮಾಣಪತ್ರ ಸಿಕ್ಕಿತ್ತು. ಅದರ ರಕ್ತಸಿಕ್ತ ದೃಶ್ಯಗಳನ್ನು ಕಂಡು ಬೆದರಿದ ಮಕ್ಕಳು ಒಂದು ಪೀಳಿಗೆಯಷ್ಟಿದ್ದಾರೆ. ಅದು ಪುಸ್ತಕಕ್ಕೆ ನಿಷ್ಠವಾದ, ಗೌರವಿಸಬೇಕಾದ ಚಿತ್ರವೇ ಹೌದು, ಆದರೆ ಐದು ವರ್ಷದ ಮಗುವಿನದ್ದಲ್ಲ.

ಅರ್ಧ ನಿಷ್ಠೆ ಮತ್ತು ಪೂರ್ಣ ಸ್ವಾತಂತ್ರ್ಯ

ಪುಸ್ತಕಕ್ಕೆ ಹತ್ತಿರವಾದಷ್ಟೂ ಚಿತ್ರ ಒಳ್ಳೆಯದು ಎಂದು ನಂಬಿದ್ದವರಲ್ಲಿ ನಾನೂ ಸೇರಿದ್ದೆ. ಈಗ ನನಗೆ ಅನ್ನಿಸುವುದು, ಅತಿ ಹೆಚ್ಚು ನೋಯಿಸುವುದು ಅರ್ಧ ನಿಷ್ಠೆ: ಹೆಸರುಗಳು, ಉಡುಪು, ಮುಖ್ಯ ಘಟನೆಗಳು ಎಲ್ಲ ಹಾಗೆಯೇ ಇದ್ದು, ಒಳಗಿನ ತಿರುಳು ಮಾತ್ರ ಬೇರೆಯಾಗಿರುವುದು. ಉರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬರೆದಾಗ ಅವರ ನಾಯಕ ಗೆಡ್ ಕೆಂಗಂದು ಮೈಬಣ್ಣದವನು, ಆ ದ್ವೀಪಗಳ ಜನರಲ್ಲಿ ಹೆಚ್ಚಿನವರು ಕಂದು ಅಥವಾ ಕಪ್ಪು ಬಣ್ಣದವರು; ಅದು ಅವರು ಯೋಚಿಸಿಯೇ ಮಾಡಿದ ಆಯ್ಕೆ. 2004ರ ಅಮೆರಿಕನ್ ಕಿರುಸರಣಿಯಲ್ಲಿ ಗೆಡ್ ಬಿಳಿಯ ಯುವಕನಾದ. ಎರಡು ಪುಸ್ತಕಗಳ ಕಥೆಯನ್ನು ಕಲಸಿ ಒಂದು ಮಾಡಲಾಯಿತು. ಲೇಖಕಿ ಬಹಿರಂಗವಾಗಿ ಬರೆದು ಪ್ರತಿಭಟಿಸಿದರು. ತಮ್ಮಂತೆ ಕಾಣುವ ಮಾಂತ್ರಿಕನೊಬ್ಬನನ್ನು ಜೀವನದಲ್ಲಿ ಮೊದಲ ಬಾರಿಗೆ ಆ ಪುಟಗಳಲ್ಲಿ ಕಂಡಿದ್ದ ಓದುಗರಿಂದ ಅದನ್ನು ಕಿತ್ತುಕೊಂಡಂತಾಯಿತು. ಇದನ್ನು ಪಾತ್ರಧಾರಿಯ ಆಯ್ಕೆಯಲ್ಲಾದ ಸಣ್ಣ ಬದಲಾವಣೆ ಎಂದು ಹೇಳಿ ಮುಂದೆ ಹೋಗಲು ನನ್ನಿಂದಾಗದು.

ಇದಕ್ಕೆ ಎದುರಾಗಿ ‘ಹೌಲ್ಸ್ ಮೂವಿಂಗ್ ಕಾಸಲ್’ ಅನ್ನು ಇಟ್ಟು ನೋಡಿ. ಡಯಾನಾ ವಿನ್ ಜೋನ್ಸ್ 1986ರಲ್ಲಿ ಬರೆದ ಪುಸ್ತಕವನ್ನು ಹಯಾವೊ ಮಿಯಾಜಾಕಿ 2004ರಲ್ಲಿ ಅನಿಮೇಷನ್ ಚಿತ್ರ ಮಾಡಿದರು. ಮಾಂತ್ರಿಕ ಹೌಲ್‌ನ ಕೋಟೆಯ ಬಾಗಿಲಿಗೆ ನಾಲ್ಕು ಬಣ್ಣಗಳ ಗುಂಡಿಯೊಂದಿದೆ. ಯಾವ ಬಣ್ಣ ಕೆಳಗೆ ಬರುವಂತೆ ತಿರುಗಿಸಿದರೆ ಆ ಬಣ್ಣದ ಊರಿಗೆ ಬಾಗಿಲು ತೆರೆದುಕೊಳ್ಳುತ್ತದೆ. ಪುಸ್ತಕದಲ್ಲಿ ಕಪ್ಪು ಬಣ್ಣ ತೆರೆಯುವುದು ನಮ್ಮದೇ ಲೋಕದ ವೇಲ್ಸ್‌ಗೆ, ಮಾಂತ್ರಿಕನ ಅಕ್ಕನ ಮನೆಗೆ. ಅಲ್ಲಿ ಅವನು ಓದಿ ಕೆಲಸವಿಲ್ಲದೆ ಅಲೆಯುವ ತಮ್ಮ, ಅಷ್ಟೆ. ಚಿತ್ರದಲ್ಲಿ ಅದೇ ಕಪ್ಪು ಬಣ್ಣ ತೆರೆಯುವುದು ಕತ್ತಲಿಗೆ, ಬೆಂಕಿಗೆ, ಅವನು ಹಕ್ಕಿಯಾಗಿ ಹಾರಿಹೋಗುವ ಯುದ್ಧಭೂಮಿಗೆ. ಪುಸ್ತಕದ ಅಂಚಿನಲ್ಲೆಲ್ಲೋ ಇದ್ದ ಯುದ್ಧ ಚಿತ್ರದ ನಡುಮನೆಗೆ ಬಂದಿದೆ. ಬದಲಾವಣೆ ಇಷ್ಟು ದೊಡ್ಡದಾದರೂ ಲೇಖಕಿಗೆ ಚಿತ್ರ ಹಿಡಿಸಿತ್ತು, ನನಗೂ ಹಿಡಿಸಿದೆ. ಕಾರಣವಿಷ್ಟೇ: ಹದಿನೆಂಟರ ಸೋಫಿ ಒಂದೇ ರಾತ್ರಿಯಲ್ಲಿ ಮುದುಕಿಯಾಗಿ, ಆ ಮುಪ್ಪಿನಲ್ಲಿ ತನಗೆ ಎಂದೂ ಇರದಿದ್ದ ಧೈರ್ಯವನ್ನು ಕಂಡುಕೊಳ್ಳುವುದನ್ನು ಚಿತ್ರವು ಪುಸ್ತಕದಷ್ಟೇ ಗಂಭೀರವಾಗಿ ನಂಬುತ್ತದೆ. ಟೆಡ್ ಹ್ಯೂಸ್ ಅವರ 1968ರ ‘ದಿ ಐರನ್ ಮ್ಯಾನ್’ ಪುಸ್ತಕದಿಂದ 1999ರಲ್ಲಿ ಬಂದ ‘ದಿ ಐರನ್ ಜೈಂಟ್’ ಕೂಡ ಇದೇ ಜಾತಿಯದು. ಬಂಡೆಯಿಂದ ಉರುಳಿ ಚೂರಾದ ಉಕ್ಕಿನ ಮನುಷ್ಯನ ಕೈಯೊಂದು ತನ್ನ ಕಣ್ಣನ್ನು ಹುಡುಕಿಕೊಳ್ಳುವ ಆ ಮರೆಯಲಾಗದ ಆರಂಭವೂ ಇಲ್ಲ, ಆಕಾಶದಿಂದ ಇಳಿಯುವ ದೈತ್ಯ ಡ್ರ್ಯಾಗನ್ನೂ ಇಲ್ಲ. ಕಥೆ ಶೀತಲ ಸಮರದ ಕಾಲದ ಅಮೆರಿಕಕ್ಕೆ ಹೋಗಿದೆ. ಆದರೂ ಅದು ಪುಸ್ತಕದ ಬಂಧುವೆಂದು ನೋಡಿದೊಡನೆ ತಿಳಿಯುತ್ತದೆ. ಸ್ವತಂತ್ರ ರೂಪಾಂತರವನ್ನು ಅದೇ ಕಥೆಯ ಇನ್ನೊಬ್ಬ ಕಥೆಗಾರನ ಮಾತೆಂದು ತಿಳಿದು ನೋಡಿದರೆ ನಿರಾಸೆಗೆ ಎಡೆ ಕಡಿಮೆ.

ಒಂದೇ ಪುಸ್ತಕ, ಎರಡು ಚಿತ್ರ

ರೋಲ್ಡ್ ಡಾಲ್ 1983ರಲ್ಲಿ ಬರೆದ ‘ದಿ ವಿಚಸ್’ ಪುಸ್ತಕಕ್ಕೆ ಎರಡು ಚಿತ್ರಗಳಿವೆ, ಎರಡರಲ್ಲಿ ಯಾವುದನ್ನು ಆರಿಸಬೇಕೆಂಬುದು ಈ ಇಡೀ ವಿಷಯದ ಅತ್ಯಂತ ಕಷ್ಟದ ಪ್ರಶ್ನೆ ಎಂದು ನನಗೆ ತೋರುತ್ತದೆ. ಪುಸ್ತಕದ ಅನಾಥ ಹುಡುಗನನ್ನು ಮಾಟಗಾತಿಯರು ಇಲಿಯಾಗಿಸುತ್ತಾರೆ, ಅವನು ಕೊನೆಯವರೆಗೂ ಇಲಿಯಾಗಿಯೇ ಉಳಿಯುತ್ತಾನೆ. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಅವನು ಅಜ್ಜಿಯನ್ನು ಕೇಳುತ್ತಾನೆ, ಇಲಿ ಎಷ್ಟು ವರ್ಷ ಬದುಕುತ್ತದೆ ಎಂದು. ಅಜ್ಜಿ ಸುಳ್ಳು ಹೇಳುವುದಿಲ್ಲ. ಸಾಮಾನ್ಯ ಇಲಿಗಿಂತ ನೀನು ಹೆಚ್ಚು ಬದುಕುತ್ತೀಯೆ, ಒಂಬತ್ತು ವರ್ಷ ಇರಬಹುದು ಎನ್ನುತ್ತಾಳೆ. ಅಜ್ಜಿಗೆ ಆಗಲೇ ಎಂಬತ್ತಾರು. ಹುಡುಗ ಲೆಕ್ಕ ಹಾಕಿ, ಇಬ್ಬರೂ ಹೆಚ್ಚು ಕಡಿಮೆ ಒಟ್ಟಿಗೇ ಹೋಗಬಹುದೆಂದು ತಿಳಿದು ಸಮಾಧಾನಪಡುತ್ತಾನೆ. ಅಜ್ಜಿಯಲ್ಲದೆ ಬೇರೆ ಯಾರೂ ತನ್ನನ್ನು ನೋಡಿಕೊಳ್ಳುವ ದಿನ ಅವನಿಗೆ ಬೇಡ. ಸಾವು, ಪ್ರೀತಿ, ಮುಪ್ಪು ಇಷ್ಟನ್ನೂ ಎರಡೇ ಪುಟಗಳಲ್ಲಿ, ಒಂದು ಹನಿ ಕಣ್ಣೀರನ್ನೂ ಬಲವಂತವಾಗಿ ತರಿಸದೆ ಮಕ್ಕಳಿಗೆ ಹೇಳಿದ ಬರಹ ನಾನು ಓದಿದವುಗಳಲ್ಲಿ ಬೇರೊಂದಿಲ್ಲ.

1990ರಲ್ಲಿ ನಿಕೊಲಸ್ ರೋಗ್ ನಿರ್ದೇಶಿಸಿದ ಚಿತ್ರದಲ್ಲಿ ಒಳ್ಳೆಯ ಮಾಟಗಾತಿಯೊಬ್ಬಳು ಕೊನೆಯಲ್ಲಿ ಬಂದು ಅವನನ್ನು ಮತ್ತೆ ಹುಡುಗನನ್ನಾಗಿ ಮಾಡಿಬಿಡುತ್ತಾಳೆ. ಡಾಲ್ ಇದನ್ನು ತೀವ್ರವಾಗಿ ವಿರೋಧಿಸಿದ್ದರು. 2020ರಲ್ಲಿ ರಾಬರ್ಟ್ ಝೆಮೆಕಿಸ್ ಮಾಡಿದ ಚಿತ್ರವು ಹುಡುಗನನ್ನು ಇಲಿಯಾಗಿಯೇ ಉಳಿಸಿತು. ಅಂತ್ಯವೊಂದನ್ನೇ ನೋಡಿದರೆ ಹೊಸದು ಗೆಲ್ಲಬೇಕು. ಆದರೆ ಹಳೆಯ ಚಿತ್ರದಲ್ಲಿ ಹೋಟೆಲಿನ ಸಭಾಂಗಣದ ಬಾಗಿಲು ಮುಚ್ಚಿ, ಹೆಂಗಸರೆಲ್ಲ ಕೈಗವಸು ಬಿಚ್ಚಿ, ಮುಖ್ಯಸ್ಥೆಯಾದ ಆಂಜೆಲಿಕಾ ಹೂಸ್ಟನ್ ತನ್ನ ಚೆಲುವಾದ ಮುಖವನ್ನು ಕಿವಿಯ ಹಿಂದಿನಿಂದ ಸುಲಿದು ತೆಗೆಯುವಾಗ ಆಗುವ ಭಯ ಪುಸ್ತಕದ ಭಯವೇ. ಜಿಮ್ ಹೆನ್ಸನ್ ಅವರ ಕಾರ್ಯಾಗಾರದಲ್ಲಿ ಕೈಯಿಂದ ಮಾಡಿದ ಆ ಮುಖಕ್ಕೆ ತೂಕವಿದೆ, ತೇವವಿದೆ. ಹೊಸ ಚಿತ್ರದ ಗ್ರಾಫಿಕ್ಸ್ ಬಾಯಿ ಎಷ್ಟೇ ಅಗಲವಾಗಿ ಸೀಳಿಕೊಂಡರೂ ನನಗೆ ಹೆದರಿಕೆಯಾಗಲಿಲ್ಲ. ನಾನು ಅನುಸರಿಸುವ, ನಿಮಗೂ ಹೇಳಬಯಸುವ ಕ್ರಮ ಇದು: 1990ರ ಚಿತ್ರವನ್ನು ನೋಡಿ, ಆ ಒಳ್ಳೆಯ ಮಾಟಗಾತಿ ಕಾಣಿಸಿಕೊಳ್ಳುವ ಮೊದಲು ನಿಲ್ಲಿಸಿ, ಪುಸ್ತಕದ ಕೊನೆಯ ಅಧ್ಯಾಯಗಳನ್ನು ಗಟ್ಟಿಯಾಗಿ ಓದಿ ಮುಗಿಸಿ.

ನೋಡುವ ಮೊದಲೇ ಸಿಗುವ ಸುಳಿವುಗಳು

ಎಲ್ಲಕ್ಕಿಂತ ನಂಬಬಹುದಾದ ಸುಳಿವು ನಾಯಕನ ವಯಸ್ಸು. ಸೂಸನ್ ಕೂಪರ್ ಅವರ 1973ರ ‘ದಿ ಡಾರ್ಕ್ ಈಸ್ ರೈಸಿಂಗ್’ನಲ್ಲಿ ವಿಲ್‌ಗೆ ಹನ್ನೊಂದು ತುಂಬುತ್ತದೆ, 2007ರ ಚಿತ್ರದಲ್ಲಿ ಹದಿನಾಲ್ಕು. ಪರ್ಸಿ ಜಾಕ್ಸನ್ ಪುಸ್ತಕದಲ್ಲಿ ಹನ್ನೆರಡರವನು, 2010ರ ಚಿತ್ರದಲ್ಲಿ ಕಾರು ಓಡಿಸುವ ಹದಿಹರೆಯದವನು; 2023ರಲ್ಲಿ ಆರಂಭವಾದ ಸರಣಿಯು ಅವನಿಗೆ ಹನ್ನೆರಡನ್ನು ಮರಳಿ ಕೊಟ್ಟಿತು. ವಯಸ್ಸು ಏರಿಸಿದರೆಂದರೆ ಕಥೆಯಲ್ಲಿ ಪ್ರೇಮ, ಚೇಷ್ಟೆ, ಹೊಡೆದಾಟ ಹೆಚ್ಚುತ್ತವೆ, ಸಣ್ಣ ಮಗುವೊಂದು ದೊಡ್ಡ ಭಾರ ಹೊರುವ ಬೆರಗು ಇಲ್ಲವಾಗುತ್ತದೆ. ‘ಆರ್ಟೆಮಿಸ್ ಫೌಲ್’ (2001) ವಿಷಯದಲ್ಲಿ ವಯಸ್ಸಿನ ಬದಲು ಗುಣವನ್ನೇ ತಿದ್ದಿದರು: ಚಿನ್ನಕ್ಕಾಗಿ ಯಕ್ಷಿಣಿಯನ್ನು ಅಪಹರಿಸುವ ಹನ್ನೆರಡರ ಅಪರಾಧಿ, 2020ರ ಚಿತ್ರದಲ್ಲಿ ತಂದೆಯನ್ನು ಬಿಡಿಸಲು ಹೊರಟ ಒಳ್ಳೆಯ ಹುಡುಗನಾದ.

ಲೇಖಕರ ಹೆಸರು ಚಿತ್ರಕಥೆಯ ಜಾಗದಲ್ಲಿದ್ದರೆ ಭರವಸೆ ಇಡಬಹುದೇ? ಕೆಲವೊಮ್ಮೆ. 1998ರ ‘ಹೋಲ್ಸ್’ ಕಾದಂಬರಿಗೆ 2003ರ ಚಿತ್ರಕಥೆಯನ್ನು ಲೂಯಿಸ್ ಸ್ಯಾಕರ್ ಅವರೇ ಬರೆದರು, ಮೂರು ಕಾಲಗಳಲ್ಲಿ ಹೆಣೆದ ಆ ಕಥೆ ಚಿತ್ರದಲ್ಲಿಯೂ ಒಂದು ಎಳೆ ಸಡಿಲವಾಗದೆ ಬಂದಿದೆ. ಆದರೆ 1971ರ ‘ವಿಲ್ಲಿ ವೊಂಕಾ’ ಚಿತ್ರದ ಮೇಲೂ ಡಾಲ್ ಅವರ ಹೆಸರಿದೆ. ಅವರು ಬರೆದದ್ದನ್ನು ಬೇರೊಬ್ಬರು ತಿದ್ದಿ ಬರೆದಿದ್ದರು, ಡಾಲ್‌ಗೆ ಆ ಚಿತ್ರ ಇಷ್ಟವಾಗಲಿಲ್ಲ. ಟ್ರೇಲರನ್ನಂತೂ ನಂಬಲೇಬೇಡಿ. ಕ್ಯಾಥರೀನ್ ಪ್ಯಾಟರ್ಸನ್ ಅವರ 1977ರ ‘ಬ್ರಿಡ್ಜ್ ಟು ಟೆರಬಿಥಿಯಾ’ ಗೆಳತಿಯ ಸಾವನ್ನು ಎದುರಿಸುವ ಹುಡುಗನ ಕಥೆ. ಬಾಲ್ಯದ ಗೆಳತಿಯನ್ನು ನಿಜವಾಗಿ ಕಳೆದುಕೊಂಡಿದ್ದ ಲೇಖಕಿಯ ಮಗನೇ 2007ರ ಚಿತ್ರಕಥೆಯಲ್ಲಿ ಕೈಜೋಡಿಸಿದ್ದಾರೆ. ಪ್ರಚಾರದ ತುಣುಕುಗಳು ಅದನ್ನು ದೈತ್ಯರು ತುಂಬಿದ ಮಾಯಾಲೋಕದ ಸಾಹಸವೆಂಬಂತೆ ತೋರಿಸಿದವು. ಅದನ್ನು ಕಂಡು ಪುಸ್ತಕ ಬಲ್ಲವರು ದೂರ ಉಳಿದರು, ಪುಸ್ತಕ ಅರಿಯದವರು ಸಿದ್ಧತೆಯಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೋದರು; ಚಿತ್ರವೋ ಪುಸ್ತಕಕ್ಕೆ ಪ್ರಾಮಾಣಿಕವಾಗಿಯೇ ಇತ್ತು.

ಮಗುವಿಗೆ ಯಾವುದು ಮೊದಲು

ಪುಸ್ತಕವೇ ಮೊದಲು ಎನ್ನುವುದು ಸಾಮಾನ್ಯ ನಿಯಮ, ನಾನೂ ಬಹುಮಟ್ಟಿಗೆ ಅದನ್ನೇ ಒಪ್ಪುತ್ತೇನೆ. ಚಿತ್ರ ಮೊದಲಾದರೆ ಮುಖಗಳನ್ನು ಕಲ್ಪಿಸಿಕೊಳ್ಳುವ ಅವಕಾಶ ಒಂದೇ ಒಂದು ಸಲ ಸಿಗುವಂಥದ್ದು ಕೈತಪ್ಪುತ್ತದೆ. ಆದರೆ ದಪ್ಪ ಪುಸ್ತಕಕ್ಕೆ ಹೆದರುವ ಮಗುವಿಗೆ, ಅಥವಾ ಆರಂಭದ ಅಧ್ಯಾಯಗಳು ನಿಧಾನವಾಗಿರುವ ಪುಸ್ತಕಕ್ಕೆ ಚಿತ್ರವು ಬಾಗಿಲಾಗಬಲ್ಲದು. ಅಂಥಲ್ಲಿ ನಿಯಮಕ್ಕಿಂತ ಮಗು ದೊಡ್ಡದು. ಚಿತ್ರ ಮೊದಲು ನೋಡಿದವರಿಗೆ ಪುಸ್ತಕದಲ್ಲಿ ನಿರಾಸೆಯಾಗುವುದೂ ಉಂಟು. 1939ರ ‘ದಿ ವಿಝರ್ಡ್ ಆಫ್ ಆಝ್’ ನೋಡಿ ಬೆಳೆದವರು 1900ರ ಪುಸ್ತಕ ತೆರೆದರೆ ಕೆಂಪು ಪಾದರಕ್ಷೆಗಳ ಬದಲು ಬೆಳ್ಳಿಯವು ಸಿಗುತ್ತವೆ, ಹಾಡುಗಳಿರುವುದಿಲ್ಲ. ಬದಲಿಗೆ ಅಲ್ಲಿ ಆಝ್ ನಾಡು ನಿಜ. ಚಿತ್ರದಲ್ಲಿ ಅದೆಲ್ಲ ತಲೆಗೆ ಪೆಟ್ಟು ಬಿದ್ದ ಹುಡುಗಿಯ ಕನಸು. ಎಲ್ಲ ಕಾಲಕ್ಕೂ ಉಳಿಯುವ ಚಿತ್ರವದು, ಆದರೂ ಈ ಒಂದು ವಿಷಯದಲ್ಲಿ ನಾನು ಪುಸ್ತಕದ ಪಕ್ಷ.

ತೀರಾ ಚಿಕ್ಕವರ ಚಿತ್ರಪುಸ್ತಕಗಳ ಬಗ್ಗೆ ಮಾತ್ರ ನನ್ನ ಸಲಹೆ ಬೇರೆ. ಮಾರಿಸ್ ಸೆಂಡಾಕ್ ಅವರ 1963ರ ‘ವೇರ್ ದಿ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕದಲ್ಲಿ ಇರುವುದು ಹತ್ತೇ ವಾಕ್ಯ. ಮ್ಯಾಕ್ಸ್‌ನ ಸಿಟ್ಟು ಬೆಳೆದಂತೆ ಪುಟದ ಮೇಲಿನ ಚಿತ್ರವೂ ಬೆಳೆಯುತ್ತದೆ, ಮೃಗಗಳೊಂದಿಗೆ ಕುಣಿಯುವಾಗ ಅಕ್ಷರಗಳೇ ಇಲ್ಲದ ಪುಟಗಳು ಬರುತ್ತವೆ, ಆಮೇಲೆ ಮತ್ತೆ ಕುಗ್ಗುತ್ತದೆ. ಸ್ಪೈಕ್ ಜೋನ್ಸ್ 2009ರಲ್ಲಿ ಮಾಡಿದ 101 ನಿಮಿಷದ ಚಿತ್ರದ ನಿರ್ಮಾಪಕರಲ್ಲಿ ಸೆಂಡಾಕ್ ಅವರೂ ಒಬ್ಬರು; ಅದು ಬಾಲ್ಯದ ಒಂಟಿತನದ ಬಗ್ಗೆ ದೊಡ್ಡವರು ನೋಡಬೇಕಾದ ಉತ್ತಮ ಚಿತ್ರ. ಪುಸ್ತಕವು ಯಾರಿಗೆ ಬೇಕೋ ಆ ನಾಲ್ಕು ವರ್ಷದವರಿಗೆ ಅದನ್ನು ತೋರಿಸಬೇಡಿ. ಅವರನ್ನು ಮಡಿಲಲ್ಲಿ ಕೂರಿಸಿಕೊಂಡು, ಅಕ್ಷರಗಳಿಲ್ಲದ ಆ ಪುಟಗಳು ಬಂದಾಗ ಏನೂ ಹೇಳದೆ, ಪುಟ ತಿರುಗಿಸುವ ಕೆಲಸವನ್ನು ಅವರಿಗೇ ಬಿಡಿ.